ಸಣ್ಣ ಊರಿನ ಸಂಬಳ: ಸಾಕಾಗುತ್ತದೆಯೇ?

(ದುಬೈ-ಅಬುಧಾಬಿ ಕನ್ನಡಿಗರ ವಾರಾಂತ್ಯದ ಕೂಟವೊಂದರಲ್ಲಿ ಆಡಿದ ಮಾತುಗಳು)

ಅಲ್ ಐನ್, ರಾಸ್ ಅಲ್ ಖೈಮಾ, ಫುಜೈರಾ ಕಡೆಯಿಂದ ಕೆಲಸದ ಕರೆ ಬಂದಾಗ ನಮ್ಮವರು ಕೇಳುವುದು ಒಂದೇ ಪ್ರಶ್ನೆ: "ಸಂಬಳ ಸ್ವಲ್ಪ ಕಡಿಮೆ, ಆದರೆ ಸಣ್ಣ ಊರಲ್ವಾ, ಸಾಕಾಗಲ್ವಾ?" ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ಮೊದಲನೆಯದು, ರೂಪಾಯಿ ಲೆಕ್ಕ ಬಿಡಿ. 2005ರ ಸುಮಾರಿಗೆ ಒಂದು ದಿರ್ಹಮ್‌ಗೆ 12 ರೂಪಾಯಿ ಇತ್ತು, ಈಗ 22 ದಾಟಿದೆ. 10,000 ದಿರ್ಹಮ್ ಅಂದರೆ ಎರಡು ಲಕ್ಷಕ್ಕೂ ಹೆಚ್ಚು. ಊರಲ್ಲಿ ಕೇಳಿದವರು ಹುಬ್ಬೇರಿಸುತ್ತಾರೆ. ಆದರೆ ಬಾಡಿಗೆ, ಶಾಲೆಯ ಫೀಸು, ದಿನಸಿ ಎಲ್ಲಕ್ಕೂ ನಾವು ಕೊಡುವುದು ದಿರ್ಹಮ್. ರೂಪಾಯಿ ಲೆಕ್ಕ ಏನಿದ್ದರೂ ಕೊನೆಗೆ ಉಳಿದ ಹಣಕ್ಕೆ.

ಎರಡನೆಯದು, ವೀಸಾ ಸಿಗುವ ಸಂಬಳ ಬೇರೆ, ಸಂಸಾರ ಸಾಗುವ ಸಂಬಳ ಬೇರೆ. 2019ರಲ್ಲಿ ಬದಲಾದ ನಿಯಮದಂತೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಮತ್ತು ವಸತಿ ಇದ್ದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಅದು ಅರ್ಜಿ ಹಾಕಲು ಬೇಕಾದ ಅರ್ಹತೆ ಅಷ್ಟೇ. ಅಷ್ಟರಲ್ಲಿ ಮನೆ ನಡೆಯುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ.

ಮೂರನೆಯದೇ ಮುಖ್ಯ. ಬದಲಾಗುವುದು ಒಬ್ಬರ ಸಂಬಳವಲ್ಲ, ಇಡೀ ಮನೆಯ ಆದಾಯ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ದುಬೈನಲ್ಲಿ ತಿಂಗಳಿಗೆ 12,000 ಸಂಬಳ, ವರ್ಷಕ್ಕೆ 75,000 ಬಾಡಿಗೆ. ಅಲ್ ಐನ್‌ನಲ್ಲಿ 10,500 ಸಂಬಳ, 42,000 ಬಾಡಿಗೆ. ವರ್ಷಕ್ಕೆ ಸಂಬಳದಲ್ಲಿ 18,000 ಹೋಯಿತು, ಬಾಡಿಗೆಯಲ್ಲಿ 33,000 ಉಳಿಯಿತು. 15,000 ಲಾಭ! ಆದರೆ ಮನೆಯಾಕೆ ದುಬೈನಲ್ಲಿ ತಿಂಗಳಿಗೆ 4,000 ದುಡಿಯುತ್ತಿದ್ದು, ಅಲ್ಲಿ ಕೆಲಸ ಸಿಗದಿದ್ದರೆ? 48,000 ಹೋಯಿತು. ಲಾಭವೆಲ್ಲ ಕರಗಿ 33,000 ನಷ್ಟ. ಇಬ್ಬರೂ ಕೆಲಸ ಉಳಿಸಿಕೊಳ್ಳೋಣ ಎಂದರೆ ದುಬೈಗೂ ಅಲ್ ಐನ್‌ಗೂ ಸುಮಾರು 150 ಕಿಲೋಮೀಟರ್. ದಿನಾ 300 ಕಿಲೋಮೀಟರ್ ಓಡಾಟ, ಇಲ್ಲವೇ ಎರಡು ಮನೆ, ಎರಡು ಬಾಡಿಗೆ. ಸಣ್ಣ ಊರಿನಲ್ಲಿ ಮುಖ್ಯವಾಗಿ ಇಳಿಯುವುದು ಬಾಡಿಗೆ. ಊರಿಗೆ ಹೋಗುವ ವಿಮಾನದ ಟಿಕೆಟ್ ಇಳಿಯುವುದಿಲ್ಲ, ಮೆಟ್ರೋ ಇಲ್ಲದ ಕಡೆ ಕಾರಿನ ಖರ್ಚು ಏರುತ್ತದೆ.

ನಾಲ್ಕನೆಯದು, ಆಫರ್ ಲೆಟರ್‌ನಲ್ಲಿ ಒಟ್ಟು ಮೊತ್ತ ನೋಡಿ ಖುಷಿಪಡಬೇಡಿ, ಬೇಸಿಕ್ ಎಷ್ಟು ನೋಡಿ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನಿನಲ್ಲೂ ಗ್ರಾಚ್ಯುಟಿಗೆ ಆಧಾರ ಬೇಸಿಕ್ಕೇ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಒಟ್ಟು 10,000ದಲ್ಲಿ ಬೇಸಿಕ್ 6,000 ಇದ್ದರೆ ಐದು ವರ್ಷಕ್ಕೆ 21,000 ಕೈಗೆ ಬರುತ್ತದೆ. 4,000 ಇದ್ದರೆ 14,000 ಮಾತ್ರ. ಸಹಿ ಹಾಕುವ ಮೊದಲು ಕೇಳಿದರೆ ಇದನ್ನು ಬದಲಿಸಬಹುದು, ಆಮೇಲೆ ಕಷ್ಟ.

ಹಾಗೆಯೇ ಬರವಣಿಗೆಯಲ್ಲಿ ಕೇಳಿ: ಕುಟುಂಬದ ಆರೋಗ್ಯ ವಿಮೆ ಯಾರದ್ದು? ಉತ್ತರದ ಎಮಿರೇಟ್‌ಗಳಲ್ಲಿ ಖಾಸಗಿ ನೌಕರರಿಗೆ ವಿಮೆ ಕಡ್ಡಾಯವಾಗಿದ್ದೇ 2025ರ ಜನವರಿಯಿಂದ. ಹೆಂಡತಿ ಮಕ್ಕಳ ವಿಚಾರ ಬೇರೆಯೇ ಕೇಳಬೇಕು. ವರ್ಷಕ್ಕೊಮ್ಮೆ ಟಿಕೆಟ್ ನಮಗೊಬ್ಬರಿಗೋ, ಮನೆಯವರಿಗೆಲ್ಲವೋ? ಬಾಡಿಗೆಯ ಮೊದಲ ಚೆಕ್ಕು, ಡೆಪಾಸಿಟ್ಟು, ಏಜೆಂಟ್ ಕಮಿಷನ್ ಎಲ್ಲ ಮೊದಲ ಸಂಬಳಕ್ಕೂ ಮುಂಚೆ ಬೇಕು. ಅದಕ್ಕೆ ಮುಂಗಡ ಕೊಡುತ್ತಾರೆಯೇ?

ಗೆಳೆಯರೇ, ಸಣ್ಣ ಊರು ಬೇಡ ಎನ್ನುತ್ತಿಲ್ಲ. ಗಂಡ ಹೆಂಡತಿ ಇಬ್ಬರೂ ಕೂತು, ತಿಂಗಳದ್ದಲ್ಲ, ಇಡೀ ವರ್ಷದ ಲೆಕ್ಕ ಒಂದು ಹಾಳೆಯಲ್ಲಿ ಬರೆಯಿರಿ. ಊರಿಗೆ ಕಳುಹಿಸುವ ಹಣವನ್ನೂ ಖರ್ಚಿಗೇ ಸೇರಿಸಿ. ಆಮೇಲೂ ಏನಾದರೂ ಉಳಿದರೆ ಧೈರ್ಯವಾಗಿ ಹೋಗಿ. ಉಳಿಯದಿದ್ದರೆ ಹೆಚ್ಚು ಕೇಳಿ, ಅಥವಾ ಬೇಡ ಎನ್ನಿ. ಚೌಕಾಸಿ ಮಾಡಲು ಸಂಕೋಚ ಬೇಡ, ದುಡಿಯುವವರು ನಾವು.