ಸೀಟಿನ ಕೆಳಗಿನ ಇಂಜಿನು
(ಮಾದಾಪುರದ ಹೋಟೆಲು ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಏಳನೇ ತರಗತಿ ಓದಿ ಲೋಟ ತೊಳೆಯಲು ಬಂದವನು ಇಂಜಿನಿನ ಮಾತಾಡುತ್ತಾನಲ್ಲ ಎಂದು ಕೆಲವರಿಗೆ ನಗು ಬರಬಹುದು. ನಗಿ. ಆದರೆ ಕಳೆದ ಮೇ ತಿಂಗಳಲ್ಲಿ ನಮ್ಮವನೊಬ್ಬನ ಸಂಬಳಕ್ಕೆ ಕತ್ತರಿ ಬಿದ್ದದ್ದು ಇಂಜಿನಿನ ಲೆಕ್ಕದಲ್ಲಿ. ಆ ಲೆಕ್ಕ ನಮಗೂ ತಿಳಿದಿರಬೇಕು.

ತರಕಾರಿ ಹೊರುವ ಹಳೆಯ ಮಾರುತಿ ಓಮ್ನಿ ನಿಮಗೆಲ್ಲ ಗೊತ್ತು. 1984ರಲ್ಲಿ ಬಂದ ಬಂಡಿ. 2019ರಲ್ಲಿ ತಯಾರಿಕೆ ನಿಂತಿತು. ಮಾರುತಿ 800 ಕಾರಿನ ಇಂಜಿನೇ ಇದರಲ್ಲಿ ಮುಂದಿನ ಸೀಟುಗಳ ಕೆಳಗೆ ಕೂತಿದೆ. ಮೂರು ಸಿಲಿಂಡರು; ಒಂದೊಂದರ ಅಗಲ 68.5 ಮಿಲಿಮೀಟರು, ಪಿಸ್ಟನ್ನಿನ ಓಟ 72. ಒಟ್ಟು 796 ಸಿ.ಸಿ. ಶಕ್ತಿ ಸುಮಾರು 35 ಕುದುರೆ. ಹಳೆಯ ಫಿಯಟ್ಟಿಗೆ ನಾಲ್ಕು ಸಿಲಿಂಡರು, 1089 ಸಿ.ಸಿ. ಇತ್ತು. ಮೂರೇ ಸಿಲಿಂಡರಾದ್ದರಿಂದ ನಿಂತಲ್ಲಿ ತುಸು ನಡುಗುವುದು ಇದರ ಹುಟ್ಟುಗುಣ. ನಡುಕ ಹೆಚ್ಚಾದರೆ ಇಂಜಿನು ಕೂತ ರಬ್ಬರು ಸತ್ತಿದೆ, ಇಲ್ಲವೆ ಒಂದು ಪ್ಲಗ್ಗು ಕಿಡಿ ಕೊಡುತ್ತಿಲ್ಲ. ಕಾರ್ಬುರೇಟರಿನ ಬಂಡಿಯಲ್ಲಿ ಜೆಟ್ಟಿಗೆ ಕಸ ಸಿಕ್ಕರೂ ಎಳೆತ ತಪ್ಪುತ್ತದೆ. ಇವೆಲ್ಲ ಸಣ್ಣ ಖರ್ಚು.

ದೊಡ್ಡ ಖರ್ಚು ಬಿಸಿಯದು. ನಮ್ಮ ಹುಡುಗ ಬೋವೆನಪಲ್ಲಿ ಮಾರುಕಟ್ಟೆಯಿಂದ ಮೂಟೆ ಹೇರಿಕೊಂಡು ಬರುವಾಗ ಮುಳ್ಳು ಮೇಲೇರಿತು, ಬಂಡಿ ನಿಂತಿತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ನೀರು ಕಡಿಮೆಯಾಗುತ್ತಿದೆಯೆಂದು ಅವನು ಮೊದಲೇ ಎರಡು ಸಲ ಹೇಳಿದ್ದ. ಬೋರಿನ ನೀರು ಹುಯ್ಯಿ ಎಂಬ ಉತ್ತರ ಬಂದಿತ್ತು. ಕೊನೆಗೆ ರಿಪೇರಿಯ ಹಣ ಅವನ ಸಂಬಳದಿಂದಲೇ!

ನಾನು ಮೇಸ್ತ್ರಿಯ ಹತ್ತಿರ ಹೋಗಿ ಬಿಚ್ಚಿದ ರೇಡಿಯೇಟರು ನೋಡಿದೆ. ಇಡ್ಲಿ ಬೇಯಿಸುವ ಪಾತ್ರೆಯ ತಳಕ್ಕೆ ಬೋರುನೀರಿನ ಬಿಳಿ ಹೊಟ್ಟು ಕಟ್ಟುವುದಿಲ್ಲವೇ? ಅದೇ ಹೊಟ್ಟು ಕೊಳವೆಗಳಲ್ಲಿ. ನೀರು ಓಡದಿದ್ದರೆ ಬಿಸಿ ಎಲ್ಲಿಗೆ ಹೋಗಬೇಕು? ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಒಂದೇ ದಿನದ ಓಟದಲ್ಲಿ ಕಟ್ಟಿದ ಹೊಟ್ಟಲ್ಲ ಅದು.

ಇದರ ಗುರುತು ನಮ್ಮ ಕಸುಬಿನವರಿಗೆ ಸುಲಭ. ಎಣ್ಣೆಯ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಎಣ್ಣೆಗೆ ಸೇರಿರಬಹುದು. ಇಂಜಿನು ಕಾದ ಮೇಲೂ ಹಿಂದಿನಿಂದ ಬಿಳಿ ಆವಿ ಬಂದರೆ, ಹೊರಗೆಲ್ಲೂ ಸೋರದೆ ನೀರು ಇಳಿದರೆ, ಬಂಡಿ ತೆಗೆಯಬೇಡಿ. ಮುಳ್ಳು ಏರಿತೆಂದರೆ ನಿಲ್ಲಿಸಿ, ತರಕಾರಿ ತಡವಾಗಲಿ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಬೇಡಿ. ಸಾಂಬಾರಿನ ಹಂಡೆಯಿಂದ ಸುಟ್ಟುಕೊಂಡವರು ಇಲ್ಲಿ ಇದ್ದೀರಿ. ಒತ್ತಡದಲ್ಲಿರುವ ನೀರು ಅದಕ್ಕಿಂತ ಕೆಟ್ಟದ್ದು, ನೇರ ಮುಖಕ್ಕೆ ಹಾರುತ್ತದೆ.

ಇನ್ನು ಕಡಿತದ ಮಾತು. ವಹಿಸಿಕೊಟ್ಟ ವಸ್ತು ನೌಕರನ ಅಲಕ್ಷ್ಯದಿಂದಲೇ ಕೆಟ್ಟಿದ್ದರೆ ಮಾತ್ರ ಸಂಬಳ ಹಿಡಿಯಬಹುದು. ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ನಷ್ಟದ ಮೊತ್ತ ಮೀರದಂತೆ. 1936ರ ವೇತನ ಪಾವತಿ ಕಾಯಿದೆಯೂ ಹೀಗೆಂದಿತು, 2019ರ ವೇತನ ಸಂಹಿತೆಯೂ ಹೀಗೆನ್ನುತ್ತದೆ. ಯಜಮಾನರ ಮುಂದೆ ಆ ರೇಡಿಯೇಟರನ್ನೇ ಇಟ್ಟು ಕೇಳಿದೆವು. ಎರಡು ತಿಂಗಳ ಕಡಿತ ಮರಳಿ ಬಂದಿದೆ. ಮೂರನೆಯದು ಬಾಕಿ.

ಬಂಡಿ ಓಡಿಸುವವರು ಒಂದು ನೋಟುಪುಸ್ತಕ ಇಡಿ. ಎಷ್ಟು ನೀರು ಹುಯ್ದಿರಿ, ಯಾರಿಗೆ ಹೇಳಿದಿರಿ, ತಾರೀಖು ಹಾಕಿ ಬರೆಯಿರಿ. ಬರೆಯಲು ಬಾರದವರು ರಾತ್ರಿ ಹೋಟೆಲು ಮುಚ್ಚಿದ ಮೇಲೆ ನನ್ನ ಹತ್ತಿರ ಬನ್ನಿ, ಬರೆದುಕೊಡುತ್ತೇನೆ.