ಕೆಲಸದಲ್ಲಿ ಆದ ಗಾಯ ಲೆಕ್ಕಕ್ಕೆ ಬರುವುದು ಹೇಗೆ?



ಯಂತ್ರಕ್ಕೆ ಸಿಕ್ಕಿ ಒಬ್ಬ ಕಾರ್ಮಿಕನ ಬೆರಳು ಹೋಗುತ್ತದೆ. ಅವನ ಮನೆಯವರಿಗೆ ಅದು ಬದುಕಿನ ಪ್ರಶ್ನೆ. ದೇಶದ ಪಟ್ಟಿಯಲ್ಲಿ ಬರೀ ‘ಒಂದು’. ಆದರೆ ಆ ‘ಒಂದು’ ಪಟ್ಟಿಗೆ ಸೇರುವುದಾದರೂ ಹೇಗೆ? ಅದನ್ನು ಬರೆಯುವವರು ಯಾರು, ಕೂಡುವವರು ಯಾರು? ಈ ವಿಷಯದಲ್ಲಿ ಅಮೆರಿಕ ನಡೆದು ಬಂದ ದಾರಿಯನ್ನು ನೋಡೋಣ.

ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಪಿಟ್ಸ್‌ಬರ್ಗ್ ನಗರ ಅಲೆಘೆನಿ ಎಂಬ ಜಿಲ್ಲೆಯಲ್ಲಿದೆ. ಕಾನೂನು ಓದಿದ್ದ ಕ್ರಿಸ್ಟಲ್ ಈಸ್ಟ್‌ಮನ್ ಎಂಬ ಮಹಿಳೆ ಅಲ್ಲಿ 1906ರ ಜುಲೈಯಿಂದ ಒಂದು ವರ್ಷದಲ್ಲಿ ಕೆಲಸದ ಮೇಲಿದ್ದಾಗ ಸತ್ತವರನ್ನು ಎಣಿಸಿದರು. ಸಿಕ್ಕ ಸಂಖ್ಯೆ 526. ಒಂದೇ ಜಿಲ್ಲೆ, ಒಂದೇ ವರ್ಷ! ಕಾರ್ಮಿಕರ ಅಜಾಗರೂಕತೆಯೇ ಅಪಘಾತಗಳಿಗೆ ಕಾರಣ ಎನ್ನುತ್ತಿದ್ದವರ ಮಾತನ್ನು 1910ರಲ್ಲಿ ಪ್ರಕಟವಾದ ಅವರ ಪುಸ್ತಕ ಪ್ರಶ್ನಿಸಿತು.

ಇಡೀ ದೇಶವನ್ನು ಎಣಿಸುವುದು ಇನ್ನೂ ಕಷ್ಟ. 1980ರ ದಶಕದಲ್ಲೂ ಅಮೆರಿಕದಲ್ಲಿ ವರ್ಷಕ್ಕೆ ಕೆಲಸದಲ್ಲಿ ಸಾಯುವವರು ಎಷ್ಟು ಎಂದು ಕೇಳಿದರೆ ಒಬ್ಬರು 3,000 ಎನ್ನುತ್ತಿದ್ದರು, ಇನ್ನೊಬ್ಬರು 11,000 ಎನ್ನುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಒಂದೇ ದಾಖಲೆಯನ್ನು ನಂಬಿದ್ದರಿಂದ ಹೀಗಾಯಿತು. ಆದ್ದರಿಂದ ಅಲ್ಲಿಯ ಕಾರ್ಮಿಕ ಅಂಕಿಅಂಶ ಇಲಾಖೆ 1992ರಿಂದ ದೇಶಾದ್ಯಂತ ಹೊಸ ಕ್ರಮವನ್ನು ಅನುಸರಿಸಿತು. ಮರಣ ಪ್ರಮಾಣಪತ್ರ, ಪರಿಹಾರದ ಅರ್ಜಿ, ಪೊಲೀಸ್ ವರದಿ, ಪತ್ರಿಕೆಯ ಸುದ್ದಿ ಎಲ್ಲವನ್ನೂ ತಾಳೆ ನೋಡಿ, ಸಾಧ್ಯವಾದಷ್ಟೂ ಎರಡು ದಾಖಲೆಗಳಿಂದ ಖಚಿತಪಡಿಸಿಕೊಂಡು ಪ್ರತಿಯೊಂದು ಸಾವನ್ನೂ ಸೇರಿಸುವುದೇ ಆ ಕ್ರಮ. 2023ರಲ್ಲಿ ಹೀಗೆ ಸಿಕ್ಕ ಸಂಖ್ಯೆ 5,283.

ಗಾಯಗಳ ಲೆಕ್ಕ ಬೇರೆ. ಅವು ಲಕ್ಷಾಂತರ, ಒಂದೊಂದನ್ನೂ ಹುಡುಕಿ ಹೋಗಲಾಗದು. ಆದ್ದರಿಂದ ಮಾದರಿ ಸಮೀಕ್ಷೆ. ಆಯ್ದ ಸಂಸ್ಥೆಗಳ ಮಾಲೀಕರು ತಮ್ಮ ದಾಖಲೆ ಪುಸ್ತಕ ನೋಡಿ ಉತ್ತರಿಸುತ್ತಾರೆ. ಪ್ರಥಮ ಚಿಕಿತ್ಸೆಯಷ್ಟೇ ಸಾಕಾದ ಗಾಯವನ್ನು ಬರೆಯಬೇಕಾಗಿಲ್ಲ. ಕೆಲಸದ ದಿನ ತಪ್ಪಿದರೆ, ಹೆಚ್ಚಿನ ಚಿಕಿತ್ಸೆ ಬೇಕಾದರೆ ಬರೆಯಬೇಕು.

ಇನ್ನು ಸ್ವಲ್ಪ ಗಣಿತ. ಒಂದು ಕಾರ್ಖಾನೆಯಲ್ಲಿ 50 ಜನ, ಗಾಯ 5 ಎಂದಿಟ್ಟುಕೊಳ್ಳಿ. ಇನ್ನೊಂದರಲ್ಲಿ 1,000 ಜನ, ಗಾಯ 20. ಯಾವುದು ಹೆಚ್ಚು ಅಪಾಯದ ಜಾಗ? ನೂರು ಜನ ವರ್ಷಕ್ಕೆ ತಲಾ 2,000 ಗಂಟೆ ದುಡಿದರೆ ಒಟ್ಟು 2,00,000 ಗಂಟೆ. ಅಲ್ಲಿ ಗಾಯಗಳ ಸಂಖ್ಯೆಯನ್ನು 2,00,000ದಿಂದ ಗುಣಿಸಿ, ಎಲ್ಲರೂ ದುಡಿದ ಗಂಟೆಗಳಿಂದ ಭಾಗಿಸುತ್ತಾರೆ. ಮೊದಲನೆಯದರ ದರ 10, ಎರಡನೆಯದರ ದರ 2. ಗಾಯ ಕಡಿಮೆ ಇರುವ ಕಾರ್ಖಾನೆಯೇ ಐದು ಪಟ್ಟು ಅಪಾಯಕಾರಿ!

ಆದರೆ ಗಣಿತ ಸರಿಯಿದ್ದರೂ ಲೆಕ್ಕ ತಪ್ಪಬಹುದು. ಹೆಸರು ಕೆಡುತ್ತದೆಂದು ಮಾಲೀಕ ಬರೆಯದಿರಬಹುದು. ಕೆಲಸ ಹೋದೀತೆಂದು ಕಾರ್ಮಿಕ ಹೇಳದಿರಬಹುದು. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಅಷ್ಟರಲ್ಲಿ ಅವನು ಆ ಕೆಲಸವನ್ನೇ ಬಿಟ್ಟಿರುತ್ತಾನೆ. ಸ್ವಂತ ಉದ್ಯೋಗದವರು, ಮನೆಗೆಲಸದವರು ಆ ಗಾಯಗಳ ಸಮೀಕ್ಷೆಗೆ ಸೇರುವುದೇ ಇಲ್ಲ.

ನಮ್ಮಲ್ಲೂ ಇಂಥ ಗೆರೆಗಳಿದ್ದವು. 1948ರ ಕಾರ್ಖಾನೆಗಳ ಕಾಯ್ದೆ ದಶಕಗಳ ಕಾಲ ಸಾಮಾನ್ಯವಾಗಿ ಅನ್ವಯಿಸಿದ್ದು, ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಕೆಲಸಗಾರರಿದ್ದರೆ ಮಾತ್ರ. ಒಂಬತ್ತು ಜನರ ವರ್ಕ್‌ಶಾಪಿನಲ್ಲಿ ಬೆರಳು ಹೋದರೆ ನೋವು ಅಷ್ಟೇ. ಆದರೆ ಕಾರ್ಖಾನೆಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಟಿವಿ ಪರದೆಯ ಮೇಲೆ ನಾವು ಒಂದು ಸಂಖ್ಯೆಯನ್ನು ಕೆಲವು ಕ್ಷಣ ತೋರಿಸಿ ಮುಂದೆ ಸಾಗುತ್ತೇವೆ. ನೀವು ಹಾಗೆ ಸಾಗಬೇಡಿ. ಎಣಿಸಿದವರು ಯಾರು? ಎಷ್ಟು ಜನರಲ್ಲಿ ಇಷ್ಟು? ಎಣಿಕೆಯಿಂದ ಹೊರಗುಳಿದವರು ಯಾರು? ಈ ಮೂರು ಪ್ರಶ್ನೆಗಳನ್ನು ಕೇಳಿ. ಕಾವಲು ಜಾಲರಿ ಯಾವ ಯಂತ್ರಕ್ಕೆ ಬೇಕು, ತನಿಖಾಧಿಕಾರಿ ಯಾವ ಊರಿಗೆ ಹೋಗಬೇಕು ಎಂಬುದು ಇಂಥ ಪಟ್ಟಿಗಳನ್ನು ನೋಡಿಯೇ ತೀರ್ಮಾನವಾಗುತ್ತದೆ. ಲೆಕ್ಕಕ್ಕೆ ಬಾರದವರಿಗೆ ರಕ್ಷಣೆಯೂ ತಡವಾಗಿಯೇ ಬರುತ್ತದೆ.