ಕಂಪನಿ ಕೊಟ್ಟ ಮಾತು



ಚೆನ್ನೈನ ಅಣ್ಣಾ ನಗರದ ಸೆಕೆಂಡ್ ಅವೆನ್ಯೂದಲ್ಲಿ ಒಂದು ಜೊತೆ ಕಾಲುಚೀಲ ಕೊಂಡರೂ ಬಿಲ್ಲಿಗೆ ಮುಂಚೆ ಫೋನ್ ನಂಬರು ಕೇಳುತ್ತಾರೆ. ಹಿಂದಿನ ಸಾಲಿಗೆಲ್ಲ ಕೇಳಿಸುವಂತೆ ಹತ್ತೂ ಅಂಕಿ ಹೇಳಿಬಿಡುತ್ತೇವೆ. ನಂಬರಿಗಾಗಿ ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ತಿಳಿಸಿದೆ. ಯಾರು ಕೇಳಬೇಕು!

ಅಂಗಡಿಯ ಮಾತು ಹಾಗಿರಲಿ, ದೊಡ್ಡ ಕಂಪನಿಗಳು ಬಳಕೆದಾರರ ಹಕ್ಕಿನ ಬಗ್ಗೆ ಮಾತು ಕೊಡತೊಡಗಿದ್ದು ಏಟು ಬಿದ್ದ ಮೇಲೆ. ಚೀನಾದ ಪತ್ರಕರ್ತ ಶಿ ಟಾವೊ ಅವರ ಇಮೇಲ್ ವಿವರವನ್ನು ಯಾಹೂ ಅಲ್ಲಿನ ಅಧಿಕಾರಿಗಳಿಗೆ ಒಪ್ಪಿಸಿತು. 2005ರಲ್ಲಿ ಅವರಿಗೆ 10 ವರ್ಷ ಜೈಲಾಯಿತು. ಅಮೆರಿಕದ ಸಂಸದರು ಯಾಹೂ ಮುಖ್ಯಸ್ಥರನ್ನು ಕರೆಸಿ ಛೀಮಾರಿ ಹಾಕಿದರು. 2008ರಲ್ಲಿ ಯಾಹೂ, ಗೂಗಲ್, ಮೈಕ್ರೋಸಾಫ್ಟ್ ಸೇರಿ ಗ್ಲೋಬಲ್ ನೆಟ್‌ವರ್ಕ್ ಇನಿಶಿಯೇಟಿವ್ ಎಂಬ ಒಕ್ಕೂಟ ಕಟ್ಟಿಕೊಂಡವು. 2011ರಲ್ಲಿ ವಿಶ್ವಸಂಸ್ಥೆಯೂ ಎಲ್ಲ ಉದ್ಯಮಗಳಿಗೆ ಮಾನವ ಹಕ್ಕುಗಳ ಮಾರ್ಗಸೂತ್ರ ಕೊಟ್ಟಿತು. ಕಾನೂನಿನ ಬಲವಿಲ್ಲದ ಸೂತ್ರ, ಅಷ್ಟೇ.

ನಮ್ಮಲ್ಲಿ ಖಾಸಗಿತನಕ್ಕಾಗಿ ಗಟ್ಟಿಯಾಗಿ ನ್ಯಾಯಾಲಯದ ಬಾಗಿಲು ತಟ್ಟಿದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಅವರಲ್ಲೊಬ್ಬರು, ಹಿಂದೆ ನಮ್ಮ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸಂಜಯ್ ಕಿಶನ್ ಕೌಲ್, ಸರ್ಕಾರದಷ್ಟೇ ಕಂಪನಿಗಳೂ ನಮ್ಮ ಬದುಕನ್ನು ಬಲ್ಲವು ಎಂದು ಊಬರ್, ಫೇಸ್‌ಬುಕ್‌ಗಳ ಹೆಸರು ಹಿಡಿದೇ ಬರೆದರು.

ಮಾರನೆಯ ವರ್ಷ ಮದ್ರಾಸ್ ಹೈಕೋರ್ಟಿನಲ್ಲೇ ಸ್ವಾರಸ್ಯದ ಮೊಕದ್ದಮೆ ಬಂತು. ಸಾಮಾಜಿಕ ಜಾಲತಾಣದ ಖಾತೆಗೆ ಆಧಾರ್ ಜೋಡಿಸಬೇಕು ಎಂಬುದು ಅರ್ಜಿ. ವಾದ ಮುಂದುವರಿದಂತೆ ಪ್ರಶ್ನೆ ಬೇರೆಯಾಯಿತು: ವಾಟ್ಸಾಪಿನಲ್ಲಿ ಹರಡಿದ ಸುಳ್ಳನ್ನು ಮೊದಲು ಬರೆದವರು ಯಾರೆಂದು ಪತ್ತೆ ಹಚ್ಚಬಹುದೇ? ಮೊದಲು ಕಳಿಸಿದವರ ಗುರುತನ್ನು ಸಂದೇಶದ ಜೊತೆಗೇ ಅಂಟಿಸಬಹುದು ಎಂದು ಐಐಟಿ ಮದ್ರಾಸಿನ ಪ್ರಾಧ್ಯಾಪಕ ವಿ. ಕಾಮಕೋಟಿ 2019ರಲ್ಲಿ ವರದಿ ಕೊಟ್ಟರು. ಕಂಪನಿ ಒಪ್ಪಲಿಲ್ಲ, ಹಾಗೆ ಮಾಡಿದರೆ ಎಲ್ಲರ ಗುಟ್ಟೂ ಬಯಲಾಗುತ್ತದೆ ಎಂದಿತು. ವಿಚಾರಣೆ ಸುಪ್ರೀಂ ಕೋರ್ಟಿಗೆ ಸಾಗಿತು.

ಈ ವಾದದಲ್ಲಿ ನಾನು ಕಂಪನಿಯ ಕಡೆಗೇ. ಆದರೆ ಇದೇ ವಾಟ್ಸಾಪ್ 2014ರಲ್ಲಿ ಫೇಸ್‌ಬುಕ್ ಪಾಲಾದಾಗ ನಿಮ್ಮ ಗೌಪ್ಯತೆಗೆ ಧಕ್ಕೆಯಿಲ್ಲ ಎಂದಿತ್ತು. 2016ರ ಏಪ್ರಿಲಿನಲ್ಲಿ ಬೇರೆಯವರು ಓದದಂತೆ ಸಂದೇಶಗಳಿಗೆಲ್ಲ ಬೀಗ ಹಾಕಿತು, ಆಗಸ್ಟಿನಲ್ಲಿ ನಮ್ಮ ಫೋನ್ ನಂಬರನ್ನು ಫೇಸ್‌ಬುಕ್‌ಗೆ ಹಂಚುವುದಾಗಿ ಸಾರಿತು. ಸಂದೇಶ ಮಾರುವ ಸರಕಲ್ಲ, ನಂಬರು ಸರಕು. 2021ರ ಗೌಪ್ಯತಾ ನೀತಿಯಂತೂ ಒಪ್ಪು, ಇಲ್ಲವೇ ಬಿಡು ಎಂಬ ಧಾಟಿಯದು. ಅದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮೆಟಾ ಮೇಲ್ಮನವಿಗೆ ಹೋಯಿತು.

2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ನಮಗೆ ಬೇಕಾದ ಒಂದು ಸಾಲಿದೆ. ಒಪ್ಪಿಗೆ ಕೇಳುವ ಕಂಪನಿ, ನಾವು ಬಯಸಿದರೆ, ಆ ಒಕ್ಕಣೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಕೊಡಬೇಕು. ಎಂದರೆ ಚೆನ್ನೈನಲ್ಲಿ ಕೂತು ಕನ್ನಡದಲ್ಲೇ ಕೇಳಬಹುದು. 2025ರ ನವೆಂಬರಿನಲ್ಲಿ ಬಂದ ನಿಯಮಗಳ ಪ್ರಕಾರ ಕಂಪನಿಗಳಿಗೆ ಇದಕ್ಕೆ 18 ತಿಂಗಳ ಗಡುವು.